ಏಕಾದಶಿಯ ಕರಡಿ

ಫಾಸ್ಟರ್ ಸಿಟಿಯ ವ್ಯಾಸರಾಜನಿಗೆ ದೇವರು ಕೊಟ್ಟದ್ದು ಯಾವುದೂ ಸಾಲದು. ಕೊಟ್ಟದ್ದರಲ್ಲಿ ಒಂದಲ್ಲ ಒಂದು ಐಬು ಕಾಣುತ್ತದೆ, ಕಂಡದ್ದನ್ನು ಸರಿಮಾಡುವ ತನಕ ಅವನಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಮನೆಯ ಹಿಂದಿನ ಲಗೂನಿನ ನೀರಿನಲ್ಲಿ ಸೂರ್ಯ ಮುಳುಗಿದರೆ ಲ್ಯಾಪ್‌ಟಾಪಿನಲ್ಲಿ ಆ ಸೂರ್ಯನನ್ನು ಎರಡು ಬೆರಳು ಎಡಕ್ಕೆ ಸರಿಸುತ್ತಾನೆ. ಮಗಳು ಸಿಂಧುವಿನ ಹೈಸ್ಕೂಲು ಗ್ರಾಜುಯೇಷನ್ನಿನ ದಿನ ಆಕಾಶ ಮಂಕಾಗಿತ್ತೆಂದು ಹವಾಯಿಯ ಆಕಾಶ ತಂದು ಅಂಟಿಸಿದ. ಅವಳ ಟೋಪಿಯ ಅಂಚಿನಲ್ಲಿ ತೆಂಗಿನ ಗರಿಯೊಂದು ಉಳಿದುಬಿಟ್ಟಿತು, ಅದು ಈಗಲೂ ಗೋಡೆಯ ಮೇಲೆ ಫ್ರೇಮಿನೊಳಗೆ ನೇತಾಡುತ್ತಿದೆ. ಚಿಪ್ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಇಂಜಿನಿಯರು. ಮೀಟಿಂಗುಗಳಲ್ಲಿ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಶನಿವಾರ, ಭಾನುವಾರ ಪ್ರಕೃತಿಗೆ ಬುದ್ಧಿ ಹೇಳುತ್ತಾನೆ.

ಅವನ ಹೆಂಡತಿ ಪದ್ಮಜಾ ರೇಡಿಯಾಲಜಿಸ್ಟು. ಆಸ್ಪತ್ರೆಯ ಮಬ್ಬುಗತ್ತಲೆಯ ಕೋಣೆಯಲ್ಲಿ ಕೂತು ದಿನವಿಡೀ ಜನರ ಎದೆ, ಹೊಟ್ಟೆ, ಮಿದುಳಿನ ಚಿತ್ರಗಳನ್ನು ನೋಡುತ್ತಾಳೆ. ಇರುವುದನ್ನು ಇದೆ ಎನ್ನಬೇಕು, ಇಲ್ಲದ್ದನ್ನು ಇಲ್ಲ ಎನ್ನಬೇಕು, ಕೆಳಗೆ ಸಹಿ ಹಾಕಬೇಕು. ಬೇಡದ ಚುಕ್ಕೆಯನ್ನು ಒರೆಸಿಹಾಕುವ ಸೌಕರ್ಯ ಅವಳ ಕೆಲಸದಲ್ಲಿಲ್ಲ. ಗಂಡನ ಒರೆಸಾಟದ ಬಗ್ಗೆ ಅವಳಿಗೆ ಏನನ್ನಿಸುತ್ತದೆ ಎಂದು ಅವನು ಕೇಳಿದವನಲ್ಲ, ಅವಳು ಹೇಳಿದವಳಲ್ಲ. ಮದುವೆಯಾಗಿ ಇಪ್ಪತ್ತಮೂರು ವರ್ಷ ಕಳೆದ ಮನೆಗಳಲ್ಲಿ ಇದಕ್ಕೆ ಹೊಂದಾಣಿಕೆ ಎಂದು ಹೆಸರು.

ನಾಲ್ಕು ಜನ ಸೇರಿದಲ್ಲಿ ವ್ಯಾಸರಾಜ ಹೇಳುವ ಜೋಕೂ ಒಂದೇ. "ಇವಳು ಹೆಸರಿಗೆ ಡಾಕ್ಟರು. ಜಿರಳೆ ಕಂಡ್ರೆ ಕುರ್ಚಿ ಹತ್ತಿ ನಿಂತ್ಕೋತಾಳೆ." ಜನ ನಗುತ್ತಾರೆ, ಅವಳೂ ನಗುತ್ತಾಳೆ. ಅಷ್ಟು ವರ್ಷ ನಕ್ಕು ನಕ್ಕು, ತಾನು ಅಂಜುಬುರುಕಿ ಎಂದು ಪದ್ಮಜಾ ಕೂಡ ಒಪ್ಪಿಕೊಂಡುಬಿಟ್ಟಿದ್ದಳು.

ಹೋದ ಜುಲೈನಲ್ಲಿ ಇಬ್ಬರೂ ಅಲಾಸ್ಕಾಕ್ಕೆ ಹೋದರು. ಸಾಲ್ಮನ್ ಮೀನುಗಳು ಕಡಲಿನಿಂದ ಹೊಳೆಗೆ ಹತ್ತಿ ಬರುವ ಕಾಲ ಅದು. ಮೀನು ಹಿಡಿಯಲು ಕರಡಿಗಳು ಬರುತ್ತವೆ, ಕರಡಿ ಹಿಡಿಯಲು ವ್ಯಾಸರಾಜನಂಥವರು ಕ್ಯಾಮೆರಾ ಹೊತ್ತುಕೊಂಡು ಬರುತ್ತಾರೆ. ಅವನ ಹೊಸ ಲೆನ್ಸು ಹಸುಗೂಸಿನಷ್ಟು ತೂಕವಿತ್ತು. ಸಿಂಧು ಕೂಸಾಗಿದ್ದಾಗ ಒಂದು ದಿನವೂ ಎತ್ತಿ ಆಡಿಸದವನು ಇದನ್ನು ಟವೆಲು ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ವಿಮಾನದಲ್ಲಿ ಕೂತ. ಅಲ್ಲಿ ಇಳಿದ ಕೂಡಲೇ ರೇಂಜರ್ ಹೆಂಗಸೊಬ್ಬಳು ಎಲ್ಲರನ್ನೂ ಕೂರಿಸಿ ಪಾಠ ಮಾಡಿದಳು. ಕರಡಿ ಎದುರಾದರೆ ಓಡಬೇಡಿ, ನಿಂತಲ್ಲೇ ನಿಲ್ಲಿ, ಮೆಲ್ಲಗಿನ ದನಿಯಲ್ಲಿ ಏನಾದರೂ ಮಾತಾಡುತ್ತಿರಿ. ನೀವು ಮನುಷ್ಯರೆಂದು ಅದಕ್ಕೆ ತಿಳಿದರೆ ಸಾಕು, ತನ್ನ ದಾರಿ ತಾನು ಹಿಡಿಯುತ್ತದೆ. ಪದ್ಮಜಾ ಗಮನವಿಟ್ಟು ಕೇಳಿಸಿಕೊಂಡಳು. ವ್ಯಾಸರಾಜ ಲೆನ್ಸು ಒರೆಸುತ್ತಿದ್ದ.

ನಾಲ್ಕು ದಿನ ಮಳೆ. ಹೊಳೆಯ ಪಕ್ಕದಲ್ಲಿ ಕಟಕಟೆ ಹಾಕಿದ ಮರದ ಅಟ್ಟಣೆಯೊಂದಿತ್ತು. ಮೂವತ್ತು ಮಂದಿ ದೊಡ್ಡ ದೊಡ್ಡ ಲೆನ್ಸುಗಳ ಶೂರರು ಅದರ ಮೇಲೆ ಒಬ್ಬರ ಪಕ್ಕೆಗೊಬ್ಬರು ಮೊಣಕೈ ತಿವಿಯುತ್ತ ನಿಂತಿದ್ದರು. ಕರಡಿಗಳಿಗೆ ಇದ್ದ ಶಿಸ್ತು ಆ ಅಟ್ಟಣೆಯ ಮೇಲೆ ಇರಲಿಲ್ಲ. ಐದನೆಯ ದಿನ ಬೆಳಿಗ್ಗೆ ಮಳೆ ನಿಂತಿತು. ಚಳಿಗೆ ಕೈಕಾಲು ಮರಗಟ್ಟಿದ್ದ ಪದ್ಮಜಾ ಲಾಡ್ಜಿಗೆ ಹೋಗಿ ಕಾಫಿಯನ್ನಾದರೂ ಕುಡಿಯೋಣವೆಂದು ಅಟ್ಟಣೆ ಇಳಿದು ಹೊಳೆದಂಡೆಯ ಹಾದಿಯಲ್ಲಿ ಹೊರಟಳು. ತಿರುವಿನಲ್ಲಿ ಕರಡಿ ನೀರಿನಿಂದ ಎದ್ದು ಬಂತು.

ಹತ್ತು ಹೆಜ್ಜೆ ಇರಬಹುದು. ಬಾಯಲ್ಲಿ ಮೀನು ಇನ್ನೂ ಬಡಿದುಕೊಳ್ಳುತ್ತಿತ್ತು. ಒಂದು ಕಿವಿ ಹರಿದುಹೋಗಿತ್ತು. ಒದ್ದೆ ಮೈಯಿಂದ ಹಬೆ ಏಳುತ್ತಿತ್ತು, ನಾರುತ್ತಿತ್ತು. ಪದ್ಮಜಾ ನಿಂತಳು. ಓಡಬೇಕೆಂದು ಕಾಲಿಗೆ ಅನ್ನಿಸಲೇ ಇಲ್ಲ, ಅದೇ ಅವಳಿಗೆ ಮೊದಲ ಆಶ್ಚರ್ಯ. ಮಾತಾಡಬೇಕು ಎಂದು ನೆನಪಾಯಿತು. ಬಾಯಿಗೆ ಬಂದದ್ದು ಮೈಸೂರಿನಲ್ಲಿ ಬಾಗಿಲಿಗೆ ಅಡ್ಡ ನಿಂತ ಹಸುವಿಗೆ ಅವಳಮ್ಮ ಹೇಳುತ್ತಿದ್ದ ಧಾಟಿಯ ಮಾತು.

"ಹೋಗಪ್ಪಾ, ಹೋಗು. ನಿನ್ನ ಊಟ ನೀನು ಮಾಡು. ನಾನೇನು ಕಿತ್ಕೊಳಲ್ಲ."

ಕರಡಿ ಅವಳನ್ನು ನೋಡಿತು. ಅವಳೂ ನೋಡಿದಳು. ಎಷ್ಟು ಹೊತ್ತೋ, ಬಹುಶಃ ಅರ್ಧ ನಿಮಿಷ. ಆಮೇಲೆ ಅದು ಮೀನನ್ನು ಬಾಯಲ್ಲಿ ಸರಿಮಾಡಿಕೊಂಡು ಪೊದೆಯೊಳಗೆ ಹೋಯಿತು. ನಲವತ್ತೇಳು ವರ್ಷಕ್ಕೆ ತನ್ನ ಪರಿಚಯ ತನಗೆ ಆದಂತೆ ಅವಳಿಗೆ ಸಂತೋಷವಾಯಿತು, ಅಳುವಷ್ಟು ಸಂತೋಷ.

ಎಂಬತ್ತು ಗಜ ದೂರದ ಅಟ್ಟಣೆಯಿಂದ ವ್ಯಾಸರಾಜ ಅದನ್ನು ಕ್ಲಿಕ್ಕಿಸಿದ್ದ. ಆ ಸಂಜೆ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಅವಳು ತನ್ನನ್ನು ಕಂಡಳು. ಬಲಗಡೆ ಕರಡಿ, ಎಡಗಡೆ ಕೆಂಪು ಮಳೆಕೋಟಿನ ಹೆಂಗಸು, ಬೆನ್ನು ನೆಟ್ಟಗೆ. ನಡುವೆ ಒಂದಿಷ್ಟು ನಿಂತ ನೀರು, ಅದರಲ್ಲಿ ಕೋಟಿನ ಕೆಂಪು ಪ್ರತಿಬಿಂಬ. ಇದು ನಾನು ಎಂದು ಅವಳು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು. ಸ್ಯಾನ್ ಡಿಯಾಗೋದ ಕಾಲೇಜಿನಲ್ಲಿದ್ದ ಸಿಂಧುವಿಗೆ ಫೋನಿನಲ್ಲಿ ಹೇಳಿದಾಗ ಅವಳು ನಕ್ಕುಬಿಟ್ಟಳು. "ಅಮ್ಮಾ, ಯೂ? ಕಮಾನ್. ಸೆಂಡ್ ಮಿ ದ ಫೋಟೋ, ದೆನ್ ಐ ವಿಲ್ ಬಿಲೀವ್." ಅಪ್ಪನ ಜೋಕು ಕೇಳುತ್ತಲೇ ಬೆಳೆದ ಮಗಳು, ಅವಳದೇನು ತಪ್ಪು. "ಕಳಿಸ್ತೀನಿ, ನೋಡು" ಎಂದಳು ಪದ್ಮಜಾ.

ಮನೆಗೆ ಬಂದ ಮೇಲೆ ಎರಡು ವಾರಾಂತ್ಯ ವ್ಯಾಸರಾಜ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮೂರನೆಯ ಶನಿವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಅವಳನ್ನು ಕರೆದು ದೊಡ್ಡ ಪರದೆಯ ಮುಂದೆ ನಿಲ್ಲಿಸಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದ. ಕರಡಿಯ ಹರಿದ ಕಿವಿ ಕೂಡಿಕೊಂಡಿತ್ತು. ಮೈಗೂದಲು ಶಾಂಪೂ ಹಾಕಿ ಒಣಗಿಸಿದ ಹಾಗೆ ಎಳೆ ಎಳೆಯಾಗಿ ಹೊಳೆಯುತ್ತಿತ್ತು. ಮೋಡ ಮುಸುಕಿದ ಬೆಳಗಿಗೆ ಚಿನ್ನದ ಬಿಸಿಲು ಬಿದ್ದಿತ್ತು. ಎಡಗಡೆ, ಅವಳು ನಿಂತಿದ್ದ ಜಾಗದಲ್ಲಿ, ಹುಲ್ಲು ಬೆಳೆದಿತ್ತು.

"ನಾನೆಲ್ಲಿ?" ಎಂದಳು ಪದ್ಮಜಾ.

"ತೆಗೆದೆ ಕಣೇ. ಮನುಷ್ಯರು ಇದ್ರೆ ವೈಲ್ಡ್ ಅನ್ಸಲ್ಲ. ಅದೂ ಆ ಕೆಂಪು ಕೋಟು, ಕಣ್ಣಿಗೆ ಹೊಡೀತಿತ್ತು. ಡಿಸ್ಟ್ರ್ಯಾಕ್ಷನ್ನು." ಅವನು ಮೌಸು ಆಡಿಸಿ ಹಿಗ್ಗಿನಿಂದ ತೋರಿಸಿದ. "ನಾನೇನೂ ಮಾಡ್ಲೇ ಇಲ್ಲ ನೋಡು. ಒಂದು ಸಲ ಗುರುತು ಮಾಡಿದೆ, ಸಾಫ್ಟ್‌ವೇರೇ ಹುಲ್ಲು ಬೆಳೆಸ್ತು."

"ಮೊದಲಿನದು ನನಗೆ ಒಂದು ಕಾಪಿ ಬೇಕು ರೀ. ಸಿಂಧುಗೆ ಕಳಿಸ್ಬೇಕು."

"ಕೊಡ್ತೀನಿ, ಕೊಡ್ತೀನಿ. ಈ ವೀಕೆಂಡು."

ಆ ವೀಕೆಂಡು ಬರಲಿಲ್ಲ. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ಕೇಳಿದಾಗಲೆಲ್ಲ ಇನ್ನೊಂದು ವೀಕೆಂಡನ್ನು ತೋರಿಸುತ್ತಿದ್ದ. ಈ ನಡುವೆ ಅವನ ಕಥೆ ಬೆಳೆಯುತ್ತಿತ್ತು. ಮೊದಮೊದಲು ಎಂಬತ್ತು ಗಜವಿದ್ದದ್ದು ನಲವತ್ತಾಯಿತು, ಗಣೇಶನ ಹಬ್ಬದ ಊಟದ ಹೊತ್ತಿಗೆ ಇಪ್ಪತ್ತಾಯಿತು. ಅಕ್ಟೋಬರಿನಲ್ಲಿ ಅವನೂ ಕರಡಿಯೂ ಹತ್ತು ಹೆಜ್ಜೆಯ ಅಂತರಕ್ಕೆ ಬಂದು ನಿಂತರು. ಅಟ್ಟಣೆ, ಕಟಕಟೆ, ಮೊಣಕೈ ತಿವಿಯುವ ಮೂವತ್ತು ಮಂದಿ ಎಲ್ಲ ಕಥೆಯಿಂದಲೂ ಅಳಿಸಿಹೋದರು.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಯೂನಿಯನ್ ಸಿಟಿಯ ಸಿದ್ರಾಮಪ್ಪನವರ ಮನೆಯಲ್ಲಿ ಕನ್ನಡ ಬಳಗದ ಕ್ಯಾಲೆಂಡರಿನ ಮೀಟಿಂಗು. ಪ್ರತಿ ವರ್ಷ ಬಳಗ ಒಂದು ಕ್ಯಾಲೆಂಡರ್ ಅಚ್ಚುಮಾಡಿ ಮುನ್ನೂರು ಮನೆಗೆ ಹಂಚುತ್ತದೆ. ಮೇಲೆ ಸದಸ್ಯರು ತೆಗೆದ ಫೋಟೋ, ಕೆಳಗೆ ಹಬ್ಬ ಹರಿದಿನ, ಏಕಾದಶಿ, ಅಮಾವಾಸ್ಯೆ. ಹುಬ್ಬಳ್ಳಿಯ ಸಿದ್ರಾಮಪ್ಪನವರು ಅದರ ಯಜಮಾನರು. ಅವರ ತಾಯಿ, ಎಂಬತ್ತರ ಗುರುಬಸವ್ವ, ಸೋಫಾದ ಮೂಲೆಯಲ್ಲಿ ಕೂತು ಮಂಡಕ್ಕಿ ಗಿರಮಿಟ್ಟಿನ ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಡುತ್ತಿದ್ದರು. ವ್ಯಾಸರಾಜ ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ ಕರಡಿಯನ್ನು ಗೋಡೆಯಗಲ ಮಾಡಿದ.

"ಏನ್ ಫೋಟೋರೀ ರಾಯರ," ಎಂದರು ಸಿದ್ರಾಮಪ್ಪನವರು. "ಜುಲೈ ತಿಂಗಳಕ್ಕ ಇದನ್ನ ಹಾಕೂಣು."

"ಹತ್ತು ಹೆಜ್ಜೆ ಸಾರ್. ಅದಕ್ಕೂ ನನಗೂ ಮಧ್ಯೆ ಬರೀ ಗಾಳಿ," ಎಂದ ವ್ಯಾಸರಾಜ. "ನಾನು ಅಲುಗಾಡಲಿಲ್ಲ. ಕಣ್ಣಿನಲ್ಲಿ ಕಣ್ಣಿಟ್ಟು ನಿಂತೆ."

ಪದ್ಮಜಾ ಗಿರಮಿಟ್ಟಿನ ತಟ್ಟೆ ಕೆಳಗಿಟ್ಟಳು. ಅವಳನ್ನು ಚಿತ್ರದಿಂದ ತೆಗೆದದ್ದು ಸಾಲದೆಂದು, ಖಾಲಿಯಾದ ಜಾಗದಲ್ಲಿ ಅವನು ಬಂದು ನಿಂತಿದ್ದ.

ಗುರುಬಸವ್ವ ಕನ್ನಡಕ ಸರಿಮಾಡಿಕೊಂಡು ಟೀವಿ ನೋಡಿದರು. "ಈ ಕರಡಿ ಯಾರನ್ನ ನೋಡಾಕತ್ತೈತೆಪಾ?"

"ಕ್ಯಾಮೆರಾ ನೋಡ್ತಿದೆ ಅಜ್ಜಿ. ನನ್ನ."

"ನೀ ಇತ್ತಾಗ ಅದಿ. ಅದು ಅತ್ತಾಗ ನೋಡಾಕತ್ತೈತಿ. ಹುಲ್ಲಿನ್ಯಾಗ ಯಾರೋ ಇರಬೇಕು."

"ನಾನಿದ್ದೆ, ಅವ್ವಾರೆ," ಎಂದಳು ಪದ್ಮಜಾ. ಅಷ್ಟು ಜನರ ಮುಂದೆ ತನ್ನ ದನಿ ಅವಳಿಗೇ ದೊಡ್ಡದೆನ್ನಿಸಿತು. "ಅದು ನೋಡ್ತಿರೋದು ನನ್ನ. ಇವರು ದೂರದ ಅಟ್ಟಣೆ ಮೇಲಿದ್ರು."

ವ್ಯಾಸರಾಜ ಜೋರಾಗಿ ನಕ್ಕ. "ಇವಳಾ? ಜಿರಳೆ ಕಂಡ್ರೆ ಕುರ್ಚಿ ಹತ್ತೋಳು." ಉಳಿದವರೂ ನಕ್ಕರು. ಸಿದ್ರಾಮಪ್ಪನವರು, "ವೈನಿಯವರೂ ಭಾರಿ ಚಾಷ್ಟಿ ಮಾಡ್ತಾರ ಬಿಡ್ರಿ," ಎಂದು ಚಹಾ ತರಿಸಿದರು. ಗುರುಬಸವ್ವ ಮಾತ್ರ ನಗಲಿಲ್ಲ. ಆದರೆ ಎಂಬತ್ತರ ಮುದುಕಿಯ ಮಾತನ್ನು ಮೀಟಿಂಗಿನಲ್ಲಿ ಲೆಕ್ಕಕ್ಕೆ ಹಿಡಿಯುವವರು ಯಾರು? ಫೋಟೋ ಒಂದಿದ್ದರೆ ಎಂದುಕೊಂಡಳು ಪದ್ಮಜಾ. ಫೋನಿನಲ್ಲಿ ತೆರೆದು ಮುಖಕ್ಕೆ ಹಿಡಿಯಬಹುದಿತ್ತು.

ಸಿದ್ರಾಮಪ್ಪನವರು ಟೀವಿಯ ಹತ್ತಿರ ಹೋಗಿ ಬೆರಳಿಟ್ಟರು. "ಆದ್ರ ರಾಯರ, ಇಲ್ಲಿ ನೀರಾಗ ರಕ್ತ ಕಾಣಾಕತ್ತೈತಲ್ರಿ. ಮನ್ಯಾಗ ದೇವರ ಫೋಟೋ ಬಾಜು ತೂಗ ಹಾಕ್ತಾರ ಮಂದಿ. ಶಿವಪೂಜ್ಯಾಗ ಕರಡಿ ಬಿಟ್ಟಂಗ ಆಗ್ತೈತಿ."

ಅದು ರಕ್ತವಾಗಿರಲಿಲ್ಲ. ಅವಳ ಕೆಂಪು ಕೋಟಿನ ಪ್ರತಿಬಿಂಬ. ದಂಡೆಯ ಮೇಲಿನ ಹೆಂಗಸನ್ನು ಅಳಿಸಿದ ಮಹಾಶಯ ನೀರಿನಲ್ಲಿದ್ದವಳನ್ನು ಮರೆತಿದ್ದ. ಪದ್ಮಜಾ ಗಂಡನ ಮುಖ ನೋಡಿದಳು. ಅದು ಏನೆಂದು ಅವನಿಗೂ ಗೊತ್ತಾಯಿತು, ಒಂದು ಕ್ಷಣ ಅವನ ಕೈ ಮೌಸಿನ ಮೇಲೆ ನಿಂತಿತು. ಅವನು ಹೇಳಬಹುದಿತ್ತು. "ಹೌದು ಸಾರ್, ರಕ್ತ. ಒಂದೇ ನಿಮಿಷ," ಎಂದ. ಗುರುತು ಮಾಡಿದ, ಕ್ಲಿಕ್ಕಿಸಿದ. ನೀರು ತಿಳಿಯಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಜುಲೈನಲ್ಲಿ ಪ್ರಥಮ ಏಕಾದಶಿ ಬರುತ್ತದೆಂದು ಯಾರೋ ನೆನಪಿಸಿದರು. ಏಕಾದಶಿಯ ಪುಟದ ಮೇಲೆ ಮೀನು ತಿನ್ನುವ ಕರಡಿಯೇ ಎಂದು ಒಬ್ಬರು ಲೊಚಗುಟ್ಟಿದರು. ವ್ಯಾಸರಾಜ ಹಿಂದುಮುಂದು ನೋಡದೆ ಮೀನನ್ನೂ ಅಳಿಸಿದ. ಬಾಯಿ ತೆರೆದುಕೊಂಡೇ ಇತ್ತಲ್ಲ, ಸಾಫ್ಟ್‌ವೇರು ತನ್ನ ಬುದ್ಧಿಗೆ ತೋಚಿದ ಹಾಗೆ ಅದರೊಳಗೆ ಒಂದು ಕಟ್ಟು ಹಸಿರು ಸೊಪ್ಪು ತುಂಬಿತು. ಸಿದ್ರಾಮಪ್ಪನವರಿಗೆ ಬಹಳ ಖುಷಿಯಾಯಿತು.

"ಇದ ಇರಲಿ ಬಿಡ್ರಿ. ಮೆಂತೆ ಪಲ್ಲೆ ತಿಂದಂಗ ಐತಿ."

"ಛೆ, ಏಕಾದಶಿಗೆ ಸೊಪ್ಪೂ ಬರಲ್ಲ ಸಾರ್," ಎಂದ ವ್ಯಾಸರಾಜ. "ನಮ್ಮಲ್ಲಿ ನಿರಾಹಾರ."

ಇದರ ಮೇಲೆ ಕಾಲು ಗಂಟೆ ಚರ್ಚೆಯಾಯಿತು. ಎಂ.ಟೆಕ್ ಮಾಡಿದವರು, ಪಿಎಚ್‌ಡಿ ಮಾಡಿದವರು, ಅಷ್ಟೂ ಜನ ಗಂಭೀರವಾಗಿ ಕೂತು ಅಲಾಸ್ಕಾದ ಕಾಡುಕರಡಿಗೆ ಯಾವುದು ನಿಷಿದ್ಧ ಎಂದು ವಾದಿಸಿದರು. ಅವರಲ್ಲಿ ಒಬ್ಬರಿಗೂ ನಗು ಬರಲಿಲ್ಲ. ಕೊನೆಗೆ ಸೊಪ್ಪನ್ನೂ ತೆಗೆದರು. ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಸಿಕೊಳ್ಳಲೆಂದು ದಿನವಿಡೀ ನೀರಿನಲ್ಲಿ ನಿಂತು ಮೀನು ಹಿಡಿಯುವ ಪ್ರಾಣಿ ಯೂನಿಯನ್ ಸಿಟಿಯಲ್ಲಿ ಬಾಯಿ ತೆರೆದುಕೊಂಡೇ ಉಪವಾಸ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇದರದ್ದು ಬಾಯಿಗೆ ಬಂದದ್ದನ್ನೇ ಕಿತ್ತುಕೊಂಡರು. ಕಿತ್ಕೊಳಲ್ಲ ಎಂದು ಅದಕ್ಕೆ ಮಾತು ಕೊಟ್ಟವಳು ನಾನು ಎಂದು ಪದ್ಮಜಾಗೆ ನಾಚಿಕೆಯಾಯಿತು.

ಫ್ರೀವೇಯಲ್ಲಿ ಮನೆಗೆ ವಾಪಸಾಗುವಾಗ ವ್ಯಾಸರಾಜ ಮಾತಾಡುತ್ತಲೇ ಇದ್ದ. ಕ್ಯಾಂಪ್‌ಬೆಲ್ ಊರಿನ ಫೋಟೋಗ್ರಾಫರುಗಳ ಕ್ಲಬ್ಬೊಂದು ನಡೆಸುವ ವನ್ಯಜೀವಿ ಸ್ಪರ್ಧೆಗೂ ಅವನು ಈ ಚಿತ್ರವನ್ನು, ಮೀನಿದ್ದದ್ದನ್ನು, ಕಳಿಸಿದ್ದನಂತೆ. ಕೊನೆಯ ಐದರಲ್ಲಿ ಬಂದಿದೆಯಂತೆ.

ಮುಂದಿನ ಶನಿವಾರ ಬೆಳಿಗ್ಗೆ ಅವನು ಅವಳ ಮುಂದೆ ಒಂದು ಕಾಗದ ಇಟ್ಟ. ಅವಳು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಳು.

"ಒಂದು ಸಹಿ ಹಾಕ್ಬೇಕಿತ್ತಲ್ಲ ಪದ್ಮಾ. ಕ್ಲಬ್ಬಿನೋರು ಮೂಲ ಫೈಲು ಕೇಳ್ತಿದಾರೆ. ಅದು ಇಲ್ಲದಿದ್ರೆ, ಅಲ್ಲಿ ಇದ್ದೋರೊಬ್ಬರ ಪತ್ರ ಸಾಕಂತೆ. ಕರಡಿ ಹತ್ತಿರ ಜನ ಯಾರೂ ಇರಲಿಲ್ಲ, ಚಿತ್ರದಲ್ಲಿ ಏನೂ ಬದಲಾಯಿಸಿಲ್ಲ, ಅಷ್ಟೇ. ನಾನೇ ಬರೆದಿದೀನಿ. ನೀನು ಡಾಕ್ಟರು, ನಿನ್ನ ಸಹಿಗೆ ಒಂದು ತೂಕ ಇರುತ್ತೆ."

ಪದ್ಮಜಾ ಚಾಕು ಕೆಳಗಿಟ್ಟಳು. "ಮೂಲ ಫೈಲು ಎಲ್ಲಿ?"

"ಅದು... ಡಿಸ್ಕು ತುಂಬಿಹೋಗಿತ್ತು. ಫೈನಲ್ ಇರುವಾಗ ಕ್ಯಾಮೆರಾದ ಹಸಿ ಫೈಲುಗಳು ಯಾಕೆ ಅಂತ ಆರು ಸಾವಿರಾನೂ ಒಟ್ಟಿಗೆ ತೆಗೆದುಬಿಟ್ಟೆ. ಆಗಸ್ಟಲ್ಲೇ."

"ಆಗಸ್ಟಲ್ಲಿ." ಆಮೇಲೂ ಅವನು ಎಷ್ಟು ವೀಕೆಂಡುಗಳನ್ನು ತೋರಿಸಿದ್ದ ಎಂದು ಅವಳು ಎಣಿಸಲು ಹೋಗಲಿಲ್ಲ. ಆ ಅರ್ಧ ನಿಮಿಷಕ್ಕೆ ಇನ್ನು ಲೋಕದಲ್ಲಿ ಸಾಕ್ಷಿ ಎಂದರೆ ಅವಳೊಬ್ಬಳೇ. ಇಲ್ಲ ಎಂದು ಅವಳೇ ಸಹಿ ಹಾಕಿದರೆ ಅದೂ ಮುಗಿಯಿತು. ನಾನು ಅಲ್ಲಿದ್ದೆ ಎಂದು ಬರೆಯಬೇಕು, ಆದರೆ ಅಲ್ಲಿ ಯಾರೂ ಇರಲಿಲ್ಲ ಎಂದೂ ಬರೆಯಬೇಕು. ಇದನ್ನು ಹೆಂಡತಿಯ ಮುಂದಿಡುವಾಗ ಅವನ ಮುಖದಲ್ಲಿ ಅಳುಕು ಕೂಡ ಇರಲಿಲ್ಲ. ಉಪ್ಪಿಟ್ಟು ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಒಲೆಯ ಕಡೆ ನೋಡುತ್ತಿದ್ದ.

"ಇದು ಬೇಡ. ನಾನೇ ಬರೀತೀನಿ," ಎಂದಳು.

"ಅದು ಇನ್ನೂ ಒಳ್ಳೇದು," ಎಂದ ಅವನು.

ಅವಳು ಕೈ ತೊಳೆದು, ಊಟದ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪು ತೆರೆದು ಕೂತಳು. ಈರುಳ್ಳಿ ಹೆಚ್ಚಿದ ಹಾಗೇ ಇತ್ತು. ಆಸ್ಪತ್ರೆಯಲ್ಲಿ ಬರೆಯುವ ಹಾಗೆ, ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದಳು. ಈ ಚಿತ್ರ ತೆಗೆದಾಗ ನಾನು ಅಲ್ಲಿದ್ದೆ. ಕರಡಿಯ ಎದುರು, ಹತ್ತು ಹೆಜ್ಜೆ ದೂರದಲ್ಲಿ, ಕೆಂಪು ಮಳೆಕೋಟು ಹಾಕಿಕೊಂಡು ನಿಂತಿದ್ದೆ. ಅದು ನೋಡುತ್ತಿರುವುದು ನನ್ನನ್ನು. ನಾನು ಅದರೊಡನೆ ಕನ್ನಡದಲ್ಲಿ ಮಾತಾಡಿದೆ. ನಿಮ್ಮ ಕೈಯಲ್ಲಿರುವ ಪ್ರತಿಯಿಂದ ನನ್ನನ್ನು ತೆಗೆದುಹಾಕಲಾಗಿದೆ. ಫೋಟೋ ತೆಗೆದವರು ನನ್ನ ಗಂಡ, ಎಂಬತ್ತು ಗಜ ದೂರದ ಅಟ್ಟಣೆಯಿಂದ. ಮೂಲ ಚಿತ್ರವನ್ನು ನಾನು ಒಂದು ಸಲ ನೋಡಿದ್ದೇನೆ. ಬೆಳಕು ಸಾಲದಾಗಿತ್ತು, ಸ್ವಲ್ಪ ಕಾಳುಕಾಳಾಗಿತ್ತು, ಕರಡಿಯ ಒಂದು ಕಿವಿ ಹರಿದಿತ್ತು. ಅದರಲ್ಲಿ ಸರಿಮಾಡಬೇಕಾದದ್ದು ಏನೂ ಇರಲಿಲ್ಲ. ಅದು ಬಹಳ ಒಳ್ಳೆಯ ಚಿತ್ರವಾಗಿತ್ತು. ಅದು ಈಗ ಇಲ್ಲ.

ಕೆಳಗೆ ಪೂರ್ತಿ ಹೆಸರು, ಡಿಗ್ರಿ ಸಹಿತ ಹಾಕಿದಳು. ಕ್ಲಬ್ಬಿಗೆ ಕಳಿಸಿದಳು, ಸಿಂಧುವಿಗೂ ಕಳಿಸಿದಳು. ಆಮೇಲೆ ಲ್ಯಾಪ್‌ಟಾಪನ್ನು ಗಂಡನ ಕಡೆ ತಿರುಗಿಸಿದಳು.

ವ್ಯಾಸರಾಜ ನಿಂತೇ ಓದಿದ. ಮುಖ ಕೆಂಪೇರಿತು. "ಇದನ್ನ ಕಳಿಸ್ತೀಯಾ? ನನ್ನ ಮರ್ಯಾದೆ?"

"ಕಳಿಸಿಯಾಯ್ತು."

ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನು ಕುರ್ಚಿ ಎಳೆದುಕೊಂಡು ಕೂತು ಮತ್ತೊಮ್ಮೆ ಓದಿದ, ಕೊನೆಯ ನಾಲ್ಕು ಸಾಲನ್ನು ಮೂರನೆಯ ಸಲವೂ ಓದಿದ. ಆ ಚಿತ್ರವನ್ನು ಅವನು ತೆರೆದದ್ದೇ ಐಬು ಹುಡುಕಲಿಕ್ಕೆ. ಐಬು ಬಿಟ್ಟು ಅದರಲ್ಲಿ ಬೇರೇನಿತ್ತು ಎಂದು ಈಗ ಎಷ್ಟು ತಿಣುಕಿದರೂ ಅವನಿಗೆ ನೆನಪಾಗಲಿಲ್ಲ.

"ನಿಜವಾಗ್ಲೂ ಅಷ್ಟು ಚೆನ್ನಾಗಿತ್ತಾ?" ಎಂದು ಕೇಳಿದ. ದನಿ ಸಣ್ಣದಾಗಿತ್ತು.

"ಹೂಂ. ಇಷ್ಟು ವರ್ಷದಲ್ಲಿ ನೀವು ತೆಗೆದ ಒಳ್ಳೇ ಫೋಟೋ ಅಂದ್ರೆ ಅದೊಂದೇ ರೀ," ಎಂದಳು ಪದ್ಮಜಾ. ಅವಳು ಚುಚ್ಚಲು ಹೇಳಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು.

ಅವನು ಎದ್ದು ಕೋಣೆಗೆ ಹೋದ. ಅವಳು ಬಾಣಲೆ ಒಲೆಯ ಮೇಲಿಟ್ಟು ಸಾಸಿವೆ ಹಾಕಿದಳು. ಒಳಗಿನಿಂದ ಮೌಸಿನ ಟಕಟಕ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ವ್ಯಾಸರಾಜ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಹುಡುಕುತ್ತಿದ್ದ. ಅದನ್ನೂ ಅವನು ಆಗಸ್ಟಿನಲ್ಲೇ ಒಂದು ಧೂಳೂ ಉಳಿಯದಂತೆ ಖಾಲಿಮಾಡಿದ್ದ.